ದಾಸವಾಳಕ್ಕೆ ಎಷ್ಟು ಎಸಳು?

ಹೋದ ಭಾನುವಾರ ನನ್ನದೇ ಶಿಷ್ಯನ ಮುಂದೆ ತಲೆ ತಗ್ಗಿಸಿ ಕೂತಿದ್ದೆ. ನನಗೆ ಅರವತ್ತೊಂದು, ಅವನಿಗೆ ಮೂವತ್ತೆಂಟು.

ಪಾಂಡವಪುರದ ಆಸುಪಾಸಿನ ಹೈಸ್ಕೂಲುಗಳಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು ನಾನು. ಹೃದಯ, ಕಿಡ್ನಿ, ಕಪ್ಪೆ, ಎಲ್ಲವನ್ನೂ ಬೋರ್ಡಿನ ಮೇಲೆ ಬರೆದಿದ್ದೇನೆ. (ಬರೆದದ್ದೆಲ್ಲ ಗೋಡೆಯ ಚಾರ್ಟ್ ನೋಡಿಕೊಂಡು. ಈಗ ಹೇಳಿದರೆ ಪೆನ್ಷನ್ ನಿಲ್ಲಿಸಲ್ಲ ತಾನೇ?) ನಿವೃತ್ತಿಯಾದ ಮೇಲೆ ಚಿತ್ರ ಬರೆಯೋದನ್ನು ಬುಡದಿಂದ ಕಲಿಯೋಣ ಅನ್ನಿಸಿತು. ಹಳೇ ಶಿಷ್ಯ ಸಿದ್ದರಾಜು ಬಸ್ ಸ್ಟ್ಯಾಂಡ್ ಹತ್ತಿರ ಬೋರ್ಡು ಬರೆಯುವ ಅಂಗಡಿ ಇಟ್ಟಿದ್ದಾನೆ. ಮೇಲುಕೋಟೆಯಿಂದ ಕೆ.ಆರ್.ಎಸ್.ವರೆಗೆ ಎಷ್ಟೋ ಹೋಟೆಲುಗಳ ಬೋರ್ಡು ಅವನ ಕೈಯದೇ. ಭಾನುವಾರ ಬೆಳಿಗ್ಗೆ ಡ್ರಾಯಿಂಗ್ ಕ್ಲಾಸು. ಸೇರಿಕೊಂಡೆ.

ಮೊದಲೆರಡು ವಾರ ಬರೀ ಗೆರೆ. ಸ್ಕೇಲು ಮುಟ್ಟುವ ಹಾಗಿಲ್ಲ. "ಮಣಿಕಟ್ಟು ಆಡಿಸ್ಬ್ಯಾಡಿ ಮೇಡಂ, ಭುಜದಿಂದ ಎಳೀರಿ" ಅಂದ. ಮೂರನೇ ವಾರ ಒಂದು ಚೊಂಬು ಇಟ್ಟ. ನಾನು ಅದರ ಬಾಯಿಯನ್ನು ಬಳೆಯ ಹಾಗೆ ದುಂಡಗೆ ಬರೆದೆ.

"ನೀವು ಕುಂತಿರೋ ಕಡೆಯಿಂದ ಬಾಯಿ ಅಷ್ಟು ಗುಂಡಗೆ ಕಾಣ್ತದಾ?"

"ಚೊಂಬಿನ ಬಾಯಿ ಗುಂಡಗೇ ಇರೋದಲ್ವೇನಪ್ಪ?"

"ಇರೋದು ಅಂಗೇ ಮೇಡಂ. ಕಾಣೋದು ಇಂಗೆ" ಎಂದು ಒತ್ತಿದ ಮೊಟ್ಟೆಯಂಥ ಸುತ್ತು ಎಳೆದ. "ಕಂಡಷ್ಟೇ ಬರೀರಿ."

ಎದ್ದು ನೋಡಿದೆ, ಬಗ್ಗಿ ನೋಡಿದೆ. ಬಗ್ಗಿದಷ್ಟೂ ಬಾಯಿ ಚಪ್ಪಟೆಯಾಗುತ್ತಿತ್ತು! ಅರವತ್ತು ವರ್ಷ ಚೊಂಬಿನಲ್ಲಿ ನೀರು ಕುಡಿದಿದ್ದೇನೆ, ಒಮ್ಮೆಯೂ ಕಂಡಿರಲಿಲ್ಲ.

ನಾಲ್ಕನೇ ವಾರ, ಅಂದರೆ ಹೋದ ಭಾನುವಾರ, ಎದುರಿಗೆ ಒಂದು ದಾಸವಾಳ ಇಟ್ಟ. ಇದು ನನ್ನ ಏರಿಯಾ! ಐದೇ ನಿಮಿಷದಲ್ಲಿ ಮುಗಿಸಿದೆ. ಐದು ಎಸಳು, ನಡುವೆ ಕೇಸರ. ಅಭ್ಯಾಸಬಲಕ್ಕೆ ಭಾಗಗಳ ಹೆಸರನ್ನೂ ಗುರುತಿಸಿದೆ.

ಸಿದ್ದರಾಜು ನಗಲಿಲ್ಲ. "ಮೇಡಂ, ಎಸಳು ಒಂದ್ಸಲ ಎಣಿಸಿ."

ಎಣಿಸಿದೆ. ಹದಿನೈದಾದ ಮೇಲೆ ತಪ್ಪಿಹೋಯಿತು. ನಾವು ಮುದ್ದೆ ದಾಸವಾಳ ಅನ್ನುತ್ತೇವಲ್ಲ, ಎಸಳಿನ ಮೇಲೆ ಎಸಳು ಒತ್ತಿಕೊಂಡಿರುವ ಹೂವು, ಅದು.

ಆಗ ನೆನಪಾಯಿತು. ಒಂಬತ್ತನೇ ಕ್ಲಾಸಿನಲ್ಲಿ ಇವನು ಇಂಥದ್ದೇ ಹೂವು ಬರೆದು ತಂದಿದ್ದ. ನಾನು ಕೆಂಪು ಇಂಕಿನಲ್ಲಿ ಅಡ್ಡ ಗೀಟೆಳೆದು, "ದಾಸವಾಳಕ್ಕೆ ಎಷ್ಟು ಎಸಳೋ? ಪುಸ್ತಕ ನೋಡಿ ಬರಿ" ಎಂದು ಎಲ್ಲರೆದುರು ಗದರಿದ್ದೆ. ಇಡೀ ಕ್ಲಾಸು ನಕ್ಕಿತ್ತು. ನಾನೂ.

"ನಿನಗೆ ನೆನಪಿದೆಯಾ ಸಿದ್ದರಾಜು?"

"ಇಲ್ದೆ ಏನ್ ಮೇಡಂ? ನಿಮ್ಮನೆ ಬೇಲೀಲೇ ಕಿತ್ಕಂಡಿದ್ದೆ ಆ ಊವ. ನಿಮ್ಗೆ ಖುಸಿ ಆಯ್ತದೆ ಅಂತ."

ನನ್ನ ಮನೆಯ ಬೇಲಿ! ದಿನಾ ಬೆಳಿಗ್ಗೆ ನಾನೇ ಕೊಯ್ದು ದೇವರಿಗೆ ಏರಿಸುತ್ತಿದ್ದ ಹೂವು!

"ತಪ್ಪು ನಂದೇ ಕಣೋ" ಅಂದೆ. "ಅಯ್ಯೋ ಬುಡಿ ಮೇಡಂ" ಅಂತಾನೆ ಅಂದುಕೊಂಡಿದ್ದೆ. ಅನ್ನಲಿಲ್ಲ. ನನ್ನ ಚಿತ್ರವನ್ನು ಪಕ್ಕಕ್ಕೆ ಸರಿಸಿ, "ಒಸ ಆಳೆ ತಕಳಿ" ಅಂದ.

ಹೊಸ ಹಾಳೆ ತಗೊಂಡೆ. ಒಂದೂವರೆ ಗಂಟೆ ಬೇಕಾಯಿತು. ಕತ್ತು ಹಿಡಿದುಕೊಂಡಿತು. ಮನೆಯಲ್ಲಿ ತೋರಿಸಿದರೆ ನಮ್ಮ ಯಜಮಾನರು, "ಎಲೆಕೋಸು ಚೆನ್ನಾಗಿದೆ" ಅಂದರು. ಅನ್ನಲಿ ಬಿಡಿ. ಆ ಕೋಸಿನ ಒಂದೊಂದು ಎಸಳೂ ನಾನು ಕಣ್ಣಾರೆ ಕಂಡು ಬರೆದದ್ದು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಕೈ ಪಳಗುತ್ತದೆ, ಅನುಮಾನವೇ ಬೇಡ.

ಆದರೆ ಇವತ್ತು ಕೆಂಪು ಪೆನ್ನು ಹಿಡಿದಿರುವ ಮೇಷ್ಟ್ರುಗಳೇ, ಅಪ್ಪ ಅಮ್ಮಂದಿರೇ, 'ತಪ್ಪು' ಅಂತ ಬರೆಯುವ ಮೊದಲು ಆ ಮಗು ಏನನ್ನು ನೋಡಿ ಬರೆಯಿತು ಅಂತ ಒಮ್ಮೆಯಾದರೂ ಕೇಳಿದ್ದೀರಾ?