ಕೋಟೆಯ ಕಣಜದೊಳಗೆ ಕೇಳಿದ ದನಿ

ನಾನು ನಿಮ್ಮಷ್ಟು ಚಿಕ್ಕವನಿದ್ದಾಗ ನಾವು ಪ್ಯಾರೀಸ್ ಕಾರ್ನರ್ ಹಿಂದಿನ ಇಕ್ಕಟ್ಟು ಬೀದಿಯೊಂದರಲ್ಲಿ, ಅಪ್ಪನ ಜವಳಿ ಅಂಗಡಿಯ ಮೇಲಿನ ಮಹಡಿಯಲ್ಲಿ ಇದ್ದೆವು. ತುಮಕೂರು ಕಡೆಯಿಂದ ಬಂದವರು ನಾವು. ಮನೆಯೊಳಗೆ ಕನ್ನಡ, ಮೆಟ್ಟಿಲಿಳಿದರೆ ತಮಿಳು. ಆ ವರ್ಷ ಮಳೆಗಾಲದಲ್ಲಿ ಅಮ್ಮ ಜ್ವರ ಬಂದು ತೀರಿಕೊಂಡಿದ್ದಳು. ಅಂದಿನಿಂದ ಅಕ್ಕ ಮಾತು ನಿಲ್ಲಿಸಿಬಿಟ್ಟಿದ್ದಳು. ಅನ್ನ ಬಡಿಸುತ್ತಿದ್ದಳು, ನನ್ನ ತಲೆ ಬಾಚುತ್ತಿದ್ದಳು, ಏನು ಕೇಳಿದರೂ ತಲೆಯಾಡಿಸುತ್ತಿದ್ದಳು, ಅಷ್ಟೇ. ಗಂಟಲಿಗೇನೂ ಆಗಿಲ್ಲ ಎಂದು ಡಾಕ್ಟರು ಹೇಳಿದ್ದರು.

ಮುಂದಿನ ಬೇಸಿಗೆ ರಜೆಯ ಒಂದು ಭಾನುವಾರ ಅಪ್ಪ ನಮ್ಮನ್ನು ಬಸ್ಸು ಹತ್ತಿಸಿದರು. "ದೂರದಲ್ಲೊಂದು ಸಣ್ಣ ಊರಿದೆ. ಹಳೇ ಕೋಟೆ, ಕಲ್ಯಾಣಿ ಎಲ್ಲಾ ಇದೆಯಂತೆ. ನೋಡೋದಕ್ಕೆ ಯಾರೂ ಟಿಕೆಟ್ ಕೇಳಲ್ಲ. ಮನೇಲಿ ಕೂತೂ ಕೂತೂ ಸಾಕಾಗಿದೆ, ಬನ್ನಿ" ಅಂದರು.

ಇಳಿದಾಗ ಬಿಸಿಲು ನೆತ್ತಿಗೇರಿತ್ತು. ಇದ್ದದ್ದು ಒಂದೇ ದೊಡ್ಡ ಬೀದಿ. ಎಲ್ಲೋ ಕಡಲೆಕಾಯಿ ಎಣ್ಣೆ ತೆಗೆಯುವ ಘಮ, ಚಾಪೆಗಳ ಮೇಲೆ ಒಣಗುವ ಹುಣಸೆಹಣ್ಣು. ಬೀದಿಯ ಕೊನೆಗೆ ಕೋಟೆ. ಗೋಡೆಯ ಸಂದಿಯಲ್ಲಿ ಅರಳಿಗಿಡ ಬೆಳೆದಿತ್ತು, ಒಣಗಿದ ಕಂದಕದಲ್ಲಿ ಮೇಕೆಗಳು ಮೇಯುತ್ತಿದ್ದವು. ವಿವರಿಸುವವರು ಯಾರೂ ಇರಲಿಲ್ಲ. ಅಪ್ಪ ನಮ್ಮ ಅಂಗೈಗಳನ್ನು ಗೋಡೆಗೆ ಒತ್ತಿಸಿದರು. ಕಲ್ಲು ಸುಡುತ್ತಿತ್ತು. "ಇದನ್ನ ಹೊತ್ತು ತಂದವರ ಹೆಸರು ಇವತ್ತು ಯಾರಿಗೂ ಗೊತ್ತಿಲ್ಲ ನೋಡಿ" ಅಂದರು.

ಒಳಗೆ, ಹಿಂದೆ ರಾಜರು ಭತ್ತ ತುಂಬಿಡುತ್ತಿದ್ದ ದೊಡ್ಡ ಕಣಜವಿತ್ತು. ಕಮಾನು ಚಾವಣಿ, ಒಂದರೊಳಗೊಂದು ಕೋಣೆ, ಕಿಟಕಿಯೇ ಇಲ್ಲ. ಅದರ ನೆರಳಲ್ಲಿ ಅಕ್ಕ ಬುತ್ತಿ ಬಿಚ್ಚಿದಳು. ಅಪ್ಪ ನೀರು ತರಲು ಕಲ್ಯಾಣಿಗೆ ಹೋದರು. ಅಷ್ಟರಲ್ಲಿ ಒಂದು ಮೇಕೆಮರಿ ಕಣಜದೊಳಗೆ ನುಗ್ಗಿತು. ನಾನೂ ಅದರ ಹಿಂದೆ ಓಡಿದೆ.

ಮರಿ ಎತ್ತಲೋ ಮಾಯವಾಯಿತು. ತಿರುಗಿ ನೋಡಿದರೆ ಬಾಗಿಲಿನ ಬೆಳಕೂ ಇರಲಿಲ್ಲ. ಬಾವಲಿಗಳ ಗಬ್ಬು ನಾತ, ತಲೆಯ ಮೇಲೆ ರೆಕ್ಕೆಗಳ ಪಟಪಟ. ಎತ್ತ ಕೈ ಚಾಚಿದರೂ ತಣ್ಣನೆಯ ಗೋಡೆ. ಅಲ್ಲೇ ಕುಕ್ಕರಿಸಿದೆ.

ಆಗ ಕೇಳಿಸಿತು. "ಪುಟ್ಟಾ... ಎಲ್ಲಿದ್ದೀಯೋ? ಬಾರೋ ಊಟಕ್ಕೆ!"

ಗೋಡೆಯಿಂದ ಗೋಡೆಗೆ ಬಡಿದು ದಪ್ಪವಾಗಿ ಬಂದ ಆ ದನಿ ಅಮ್ಮನದೇ ಆಗಿತ್ತು. ಅದು ಬಂದ ದಿಕ್ಕಿಗೆ ತಡಕಾಡುತ್ತಾ ನಡೆದೆ. ದನಿ ಕರೆಯುತ್ತಲೇ ಇತ್ತು. ಬೆಳಕು ಕಂಡಿತು. ಬಾಗಿಲಲ್ಲಿ ಅಕ್ಕ ನಿಂತಿದ್ದಳು. ನನ್ನನ್ನು ಎಳೆದು ಎದೆಗೆ ಒತ್ತಿಕೊಂಡಳು.

ಅಪ್ಪ ಏದುಸಿರು ಬಿಡುತ್ತಾ ಓಡಿಬಂದರು. ಪಂಚೆಯೆಲ್ಲ ನೀರು ಚೆಲ್ಲಿ ಒದ್ದೆಯಾಗಿತ್ತು. ನಮ್ಮಿಬ್ಬರನ್ನೂ ದಾಟಿ ಕತ್ತಲೆಯೊಳಗೆ ನೋಡುತ್ತಾ "ಯಾರು ಕರೆದದ್ದು?" ಅಂದರು.

"ನಾನೇ, ಅಪ್ಪಾ" ಅಂದಳು ಅಕ್ಕ.

ಅಪ್ಪ ಅಲ್ಲೇ ಕಣಜದ ಮೆಟ್ಟಿಲ ಮೇಲೆ ಕೂತರು. ಅಮ್ಮ ಹೋದ ದಿನವೂ ಅಳದಿದ್ದವರು ಟವಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅಕ್ಕ ಅವರ ಬೆನ್ನು ಸವರಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಮೆಲ್ಲಗೆ, ಒಂದೊಂದೇ ಮಾತಾಡತೊಡಗಿದಳು.

ಈಗ ಆ ಕೋಟೆಗೆ ಬೇಲಿ ಬಂದಿದೆ, ಕಣಜಕ್ಕೆ ಬೀಗ ಬಿದ್ದಿದೆ. ಮೊನ್ನೆ ನಿಮ್ಮನ್ನು ಕಾರಿನಲ್ಲಿ ಕರೆದೊಯ್ದಾಗ "ಬೋರ್ ಅಡಿಕ್ಕುದು ತಾತಾ" ಎಂದು ತಮಿಳಿನಲ್ಲೇ ಬೇಜಾರು ಹೇಳಿಕೊಂಡಿರಿ. ಇರಲಿ. ಅಕ್ಕ ಈಗ ಬೆಸೆಂಟ್ ನಗರದಲ್ಲಿ ಮಗನ ಮನೆಯಲ್ಲಿದ್ದಾಳೆ. ಅವಳ ಮಾತಿಗೆ ಕೊನೆಯೇ ಇಲ್ಲವೆಂದು ನೀವೇ ನಗುತ್ತೀರಿ.

ನಮ್ಮ ಮನೆಯಲ್ಲಿ ನನ್ನ ಅಮ್ಮನದೊಂದು ಫೋಟೋ ಇದೆ, ದನಿ ಎಲ್ಲೂ ಉಳಿದಿಲ್ಲ. ನಿಮ್ಮ ಅಮ್ಮ ಗಿಂಡಿಯ ಆಫೀಸಿನಿಂದ ದಿನವೂ "ಊಟ ಆಯ್ತೇನ್ರೋ?" ಎಂದು ತನ್ನ ದನಿಯನ್ನೇ ರೆಕಾರ್ಡ್ ಮಾಡಿ ಫೋನಿಗೆ ಕಳಿಸುತ್ತಾಳೆ. ನೀವು ಅರ್ಧ ಕೇಳಿ ಆಟಕ್ಕೆ ಓಡುತ್ತೀರಿ. ನಾನು ಫೋನನ್ನು ಕಿವಿಗೆ ಹಿಡಿದು ಉಳಿದದ್ದನ್ನು ಪೂರ್ತಿ ಕೇಳುತ್ತೇನೆ.