ಅರಬಾಬನ ವಿಸಿಟಿಂಗ್ ಕಾರ್ಡು

ಕತಾರಿನ ಅಲ್ ರಯ್ಯಾನ್ ಊರಿನಲ್ಲಿ ನನ್ನಂಥ ಮೆಕ್ಯಾನಿಕ್ ಇನ್ನೊಬ್ಬನಿಲ್ಲ ನೋಡ್ರಿ. ನಾನು ಬಾನೆಟ್ ತಟ್ಟಿದರೆ ಸಾಕು, ಇಂಜಿನ್ನು ತಾನೇ ತಪ್ಪೊಪ್ಪಿಕೊಳ್ಳುತ್ತದೆ.

ಒಮ್ಮೆ ಗ್ಯಾರೇಜಿನ ಮಾಲೀಕ, ನಮ್ಮ ಅರಬಾಬ್, ತನ್ನ ಹಳೇ ಕೆಂಪು ಸ್ಪೋರ್ಟ್ಸ್ ಕಾರು ತಂದ. "ಚಾಚಾ, ಕಿಡಿ ಕೊಡೋ ಹಳೇ ಪಾಯಿಂಟ್ ತೆಗಿ, ಈ ಎಲೆಕ್ಟ್ರಾನಿಕ್ ಡಬ್ಬಿ ಹಾಕು. ಸಂಜೆ ಹಳೇ ಕಾರುಗಳ ಮೆರವಣಿಗೆ ಇದೆ. ಸ್ಟಾರ್ಟ್ ಆಗದಿದ್ರೆ ನಿನ್ನ ಕೆಲಸ ಖಲಾಸ್!" ಎಂದು ನಮಾಜಿಗೆ ಹೋದ.

ಡಬ್ಬಿಯ ಜೊತೆ ಒಂದು ಹಾಳೆ ಇತ್ತು. ಓದಲು ಬರದವನಿಗೆ ಹಾಳೆ ಯಾಕ್ರೀ? ಅದರಲ್ಲೇ ಕೈ ಒರೆಸಿಕೊಂಡೆ. ಕೆಂಪು ವೈರು, ಕಪ್ಪು ವೈರು ಅದಲುಬದಲಾಗಿ ಡಬ್ಬಿ ಊದುಬತ್ತಿಯಂತೆ ಹೊಗೆ ಬಿಟ್ಟು ಸತ್ತಿತು.

ನಾನು ಹೆದರಲಿಲ್ಲ, ಬರೀ ಬೆವರಿದೆ. ಹಳೇ ಪಾಯಿಂಟನ್ನೇ ಮತ್ತೆ ಕೂರಿಸಿ, ಅದರ ಸಂದು ಅಳೆಯಲು ಸೀಟಿನ ಮೇಲಿದ್ದ ಅರಬಾಬನ ವಿಸಿಟಿಂಗ್ ಕಾರ್ಡು ತೂರಿಸಿ, ಆಮೇಲೆ ತೆಗೆದು ಸೀಟಿಗೇ ಎಸೆದೆ. ಸಂದು ಸರಿಯಾಗಿ ಆ ಕಾರ್ಡಿನ ದಪ್ಪದಷ್ಟೇ ಇರಬೇಕು. ಸತ್ತ ಡಬ್ಬಿಯನ್ನು ಎದ್ದು ಕಾಣುವಂತೆ ಮೇಲೆ ಬಿಗಿದೆ.

ಅರಬಾಬ್ ಬಂದು ಕೀ ತಿರುಗಿಸಿದ. ಕಾರು ಒಂದೇ ಸಲಕ್ಕೆ ಗುಡುಗಿತು.

"ಎಲೆಕ್ಟ್ರಾನಿಕ್ ಅಂದ್ರೆ ಇದು ನೋಡಿ!" ಅಂದೆ.

ಮರುದಿನ ಅವನು ನನ್ನ ಕೈಗೆ ವಿಸಿಟಿಂಗ್ ಕಾರ್ಡಿನ ಇಡೀ ಕಟ್ಟು ಕೊಟ್ಟ. ಮೇಲಿದ್ದದ್ದು ನಿನ್ನೆ ಸಂದಿಗೆ ತೂರಿಸಿದ ಅದೇ ಕಾರ್ಡು; ಅದಕ್ಕೆ ನನ್ನ ಹೆಬ್ಬೆರಳಿನ ಗ್ರೀಸು ಮೆತ್ತಿತ್ತು.

"ನನ್ನ ಇನ್ನೆರಡು ಕಾರಿಗೂ ಇದೇ ಎಲೆಕ್ಟ್ರಾನಿಕ್ ಹಾಕು, ಚಾಚಾ. ಯಲ್ಲಾ, ಬೇಗ ಶುರು ಮಾಡು!"

ಈ ವಿದ್ಯೆಯಲ್ಲಿ ಇಡೀ ಕತಾರಿನಲ್ಲಿ ನನ್ನನ್ನು ಮೀರಿಸಿದವರಿಲ್ಲ ಅಂತ ಅವನಿಗೂ ಖಾತ್ರಿಯಾಗಿತ್ತು ಬಿಡ್ರಿ.