ಒಂದು ಮೈಲಿನ ಇಂಜಿನ್

ವಾಡಿಗೂ ಶಹಾಬಾದಿಗೂ ನಡುವೆ ಆಗ ಒಂದು ಸಣ್ಣ ಸುಣ್ಣದ ಕಾರ್ಖಾನೆ ಇತ್ತು. ಈಗ ಇಲ್ಲ. ಭಟ್ಟಿಗಳಿದ್ದ ಜಾಗದಲ್ಲಿ ಜಾಲಿ ಬೆಳೆದಿದೆ. ರೈಲ್ವೆಯ ದೊಡ್ಡ ಹಳಿಯಿಂದ ಕವಲೊಡೆದ ಒಂದು ಹಳಿ ಗೇಟಿನ ಮೂಲಕ ಕಾರ್ಖಾನೆಯ ಒಳಗೆ ಹೋಗುತ್ತಿತ್ತು. ಅದಕ್ಕೆ ಸೈಡಿಂಗ್ ಎನ್ನುತ್ತಿದ್ದರು. ರೈಲ್ವೆಯವರು ಖಾಲಿ ವ್ಯಾಗನ್‌ಗಳನ್ನು ಗೇಟಿನ ಹೊರಗೆ ಬಿಟ್ಟು ಹೋಗುವರು. ಅವನ್ನು ಒಳಗೆ ಎಳೆದು ತಂದು, ಸುಣ್ಣ ತುಂಬುವ ಕಟ್ಟೆಗೆ ಹಚ್ಚಿ, ತುಂಬಿದ ಮೇಲೆ ಮತ್ತೆ ಹೊರಗೆ ಮುಟ್ಟಿಸಲು ಕಾರ್ಖಾನೆಯದೇ ಒಂದು ಉಗಿ ಇಂಜಿನ್ ಇತ್ತು. ಅದು ಓಡುತ್ತಿದ್ದದ್ದು ಈ ತುದಿಯಿಂದ ಆ ತುದಿಗೆ ಒಂದು ಮೈಲು, ಅಷ್ಟೇ.

ರಾಜ್ಯದ ಹೆಸರು ಮೈಸೂರು ಹೋಗಿ ಕರ್ನಾಟಕ ಆದ ಆಸುಪಾಸಿನ ವರ್ಷಗಳವು. ನಾನು ಗುಲಬರ್ಗಾದ ಒಂದು ದಿನಪತ್ರಿಕೆಗೆ ವಾಡಿಯಿಂದ ಸುದ್ದಿ ಕಳಿಸುತ್ತಿದ್ದೆ. ಮದುವೆಯಾಗಿರಲಿಲ್ಲ. ಮನೆಯವರು ಚಿಂಚೋಳಿಯಲ್ಲಿದ್ದರು. ಸೈಡಿಂಗಿನ ಪಕ್ಕದಲ್ಲಿ ಒಂದು ಖೋಲಿ ಹಿಡಿದಿದ್ದೆ, ಊಟ ಖಾನಾವಳಿಯಲ್ಲಿ. ಮುಂಜಾನೆ ಸುದ್ದಿ ಬರೆದು, ಲಕೋಟೆಗೆ ಹಾಕಿ, ಸೈಡಿಂಗಿನ ಗುಂಟ ನಡೆದು ಸ್ಟೇಷನ್ನಿಗೆ ಹೋಗಿ, ಗುಲಬರ್ಗಾದ ಕಡೆ ಹೋಗುವ ಪ್ಯಾಸೆಂಜರಿನ ಗಾರ್ಡ್ ಕೈಗೆ ಕೊಡಬೇಕು. ಅಲ್ಲಿಗೆ ದಿನದ ಕೆಲಸ ಹೆಚ್ಚುಕಡಿಮೆ ಮುಗಿಯುತ್ತಿತ್ತು. ಸುದ್ದಿಗಾಗಿ ಮಾತಾಡಿಸುವವರು ಬಹಳ ಜನ ಇದ್ದರು. ಸುಮ್ಮನೆ ಮಾತಾಡಲು ಇದ್ದವರು ಒಬ್ಬರೇ, ಆ ಇಂಜಿನ್ನಿನ ಡ್ರೈವರ್.

ಅವರಿಗೆ ಐವತ್ತು ದಾಟಿತ್ತು. ಸೇಡಂ ತಾಲೂಕಿನ ಮುಧೋಳದ ಕಡೆಯವರು. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಒಬ್ಬರೇ ಅಡುಗೆ ಮಾಡಿಕೊಂಡು ಇದ್ದರು. ಇಂಜಿನ್ನನ್ನು ಮುದುಕಿ ಎಂದು ಕರೆಯುತ್ತಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ.

"ಏನ್ರಿ ಪೇಪರ್ ಸಾಹೇಬ್ರ, ಇವತ್ತ ಸುದ್ದಿ ಸಿಕ್ಕದೋ, ಖಾಲಿ ಲಕೋಟಿ ಒಯ್ಲಿಕತ್ತೀರೋ?" ಎಂದು ಇಂಜಿನ್ನಿನಿಂದ ತಲೆ ಹೊರಗೆ ಹಾಕಿ ಕೇಳುವರು.

"ಖಾಲಿನೇ ಅದ ಕಾಕಾ. ನೀವೇ ಏನರ ಕೊಡ್ರಿ."

"ಬರ್ಕೊಳ್ರಿ ಮತ್ತ. ಮುದುಕಿ ಮುಂಜಾನೆ ಒಂದು ಮೈಲ್ ಹೋದ್ಳು, ಒಂದು ಮೈಲ್ ವಾಪಸ್ ಬಂದ್ಳು. ಭಾಳ ದಣದಾಳ. ಮೊದಲ ಪೇಜಿನ್ಯಾಗ ಹಾಕ್ರಿ."

ಇದಕ್ಕಿಂತ ಹೆಚ್ಚಿನ ಮಾತು ಅಪರೂಪ. ಆದರೂ ಆ ಹತ್ತು ನಿಮಿಷ ಇಲ್ಲದ ದಿನ ನನಗೆ ಸಂಜೆಯವರೆಗೂ ಏನೋ ಬಿಟ್ಟುಹೋದಂತೆ ಆಗುತ್ತಿತ್ತು.

ಅವರ ಕೆಲಸ ನಡೆಯುತ್ತಿದ್ದದ್ದು ಕೈಸನ್ನೆಯ ಮೇಲೆ. ಇಂಜಿನ್ ಒಂದು ತುದಿಗೆ, ಮುಂದೆ ಸಾಲಾಗಿ ವ್ಯಾಗನ್‌ಗಳು. ಆಚೆ ತುದಿಯಲ್ಲಿ ಏನಿದೆ ಎಂದು ಡ್ರೈವರಿಗೆ ಕಾಣುವುದಿಲ್ಲ. ಅಲ್ಲಿ ಜಮಾದಾರ ನಿಂತಿರುತ್ತಾನೆ. ವ್ಯಾಗನ್ ಜೋಡಿಸುವುದು, ಬಿಚ್ಚುವುದು, ನಿಂತ ವ್ಯಾಗನ್ ಜಾರದಂತೆ ಬ್ರೇಕಿನ ಹಿಡಿಕೆ ಒತ್ತಿ ಚಕ್ರದಡಿ ಮರದ ಬೆಣೆ ಇಡುವುದು ಅವನ ಕೆಲಸ. ಅವನು ಕೈ ಬೀಸಿದರೆ ಇಂಜಿನ್ ಮುಂದೆ, ಅಡ್ಡ ಹಿಡಿದರೆ ನಿಂತಿತು, ತಲೆಯ ಮೇಲೆ ಎತ್ತಿದರೆ ಎಲ್ಲ ಭದ್ರವಾಗಿದೆ, ಹೋಗಬಹುದು. ಈ ಜಮಾದಾರ ಕುರಕುಂಟಾದವನು. ಹನ್ನೆರಡು ವರ್ಷ ದುಡಿದರೂ ಹಂಗಾಮಿ ಕೂಲಿಯವನೇ. ಇಬ್ಬರೂ ದಿನವಿಡೀ ಒಟ್ಟಿಗೆ ದುಡಿಯುತ್ತಿದ್ದರು, ನಡುವೆ ನೂರು ಗಜದ ಅಂತರದಲ್ಲಿ. ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಕಡಿಮೆ.

ಒಂದು ಬೇಸಿಗೆಯಲ್ಲಿ ಡೀಸೆಲ್ ಇಂಜಿನ್ ಬರುತ್ತದೆ ಎಂಬ ಸುದ್ದಿ ಬಂತು. ಕಾರ್ಖಾನೆಯಲ್ಲಿ ಇಬ್ಬರು ಡ್ರೈವರುಗಳಿದ್ದರು, ಪಾಳಿಗೆ ಒಬ್ಬರಂತೆ. ಡೀಸೆಲ್‌ಗೆ ಒಬ್ಬರೇ ಸಾಕು. ಅವರನ್ನು ತರಬೇತಿಗೆ ಕಳಿಸುತ್ತಾರೆ, ಇನ್ನೊಬ್ಬರಿಗೆ ಪಂಪ್‌ಹೌಸಿನಲ್ಲಿ ಕೆಲಸ. ಕಾಕಾ ಹಿರಿಯರು, ಇಷ್ಟು ವರ್ಷಗಳಲ್ಲಿ ಅವರ ಸರ್ವಿಸ್ ಬುಕ್ಕಿನಲ್ಲಿ ಒಂದು ಕಪ್ಪು ಗುರುತಿಲ್ಲ. ಅವರೇ ಎಂದು ಎಲ್ಲರೂ ಹೇಳುತ್ತಿದ್ದರು.

"ಈ ವಯಸ್ಸಿನ್ಯಾಗ ಹೊಸಾದು ಕಲೀತೀರೇನ್ರಿ ಕಾಕಾ?" ಎಂದು ನಾನು ಕೆಣಕಿದೆ.

"ಕಲೀಲಿಕ್ಕೇ ಬೇಕ್ರಿ. ಪಂಪಿನ ಮುಂದ ಕುಂತು ಏನ್ ಮಾಡ್ಲಿ? ಅದು ಎಲ್ಲಿಗೂ ಹೋಗಂಗಿಲ್ಲ." ಅವರೇ ನಕ್ಕರು. "ಮುದುಕಿ ಒಂದು ಮೈಲರ ಹೋಗ್ತಾಳ."

ಅವರು ಏನನ್ನಾದರೂ ಬೇಕು ಎಂದು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಆಯ್ಕೆಯ ಪಟ್ಟಿ ಹೊರಬೀಳುವ ಮುಂಚೆ ಅಪಘಾತ ಆಯಿತು. ಮುಂಜಾನೆ ಒಂಬತ್ತರ ಸುಮಾರಿಗೆ, ಸುಣ್ಣ ತುಂಬಿದ ನಾಲ್ಕು ವ್ಯಾಗನ್‌ಗಳನ್ನು ಗೇಟಿನ ಒಳಗೆ ನಿಲ್ಲಿಸಿ ಕಾಕಾ ಇಂಜಿನ್ನನ್ನು ನೀರು ತುಂಬಲು ಹಿಂದಕ್ಕೆ ಒಯ್ದಿದ್ದರು. ಅಲ್ಲಿಂದ ಹೊರಗೆ ನೆಲ ಸ್ವಲ್ಪ ಇಳಿಜಾರು. ವ್ಯಾಗನ್‌ಗಳು ತಮ್ಮಷ್ಟಕ್ಕೆ ಜಾರಿದವು. ಗೇಟು ಮುರಿಯಿತು, ಕಾವಲುಗಾರನ ಗುಡಿಸಲಿನ ಗೋಡೆ ಬಿತ್ತು, ಮುಂದಿನ ವ್ಯಾಗನ್ ಹಳಿ ಬಿಟ್ಟು ವಾಲಿತು. ಕಾವಲುಗಾರ ಚಹಾ ಕುಡಿಯಲು ಹೋಗಿದ್ದರಿಂದ ಉಳಿದ. ಯಾರಿಗೂ ಗಾಯವಾಗಲಿಲ್ಲ.

ನಾನು ಕಾಲು ಗಂಟೆಯೊಳಗೆ ಅಲ್ಲಿದ್ದೆ. ಚೆಲ್ಲಿದ ಸುಣ್ಣ ನೋಡಿದೆ, ಮುರಿದ ಗೇಟು ನೋಡಿದೆ. ವ್ಯಾಗನ್‌ಗಳು ಮೊದಲು ನಿಂತಿದ್ದ ಜಾಗಕ್ಕೆ ಹೋಗಿ ಹೆಜ್ಜೆ ಎಣಿಸಿ ದೂರ ಬರೆದುಕೊಂಡೆ. ಪ್ಯಾಸೆಂಜರಿಗೆ ಹೊತ್ತಾಗಿತ್ತು. ಮ್ಯಾನೇಜರ್ ಹತ್ತಿರ ಕಾರಣ ಕೇಳಿದೆ. ಅವರು ಮೈಸೂರಿನ ಕಡೆಯವರು, ಮಾತಿನಲ್ಲಿ ಬಿಗಿ.

"ಡ್ರೈವರ್ ಜೋರಾಗಿ ನೂಕಿದ್ದಾನೆ, ಸರಿಯಾಗಿ ನಿಲ್ಲಿಸದೆ ಬಿಟ್ಟು ಹೋಗಿದ್ದಾನೆ. ಇನ್ನೇನಿರುತ್ತೆ ಹೇಳಿ" ಎಂದರು.

ಕಾಕಾ ಆಗ ದೂರದಲ್ಲಿ ಇಂಜಿನ್ನಿನ ಮೇಲಿದ್ದರು. ಅಲ್ಲಿಗೆ ಹೋಗಿ ಕೇಳಿ ಬರಲು ಹತ್ತು ನಿಮಿಷ ಬೇಕಾಗುತ್ತಿತ್ತು. ಹೋಗಲಿಲ್ಲ. ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಆರು ಸಾಲು ಬರೆದು ಗಾರ್ಡ್ ಕೈಗೆ ಕೊಟ್ಟೆ. ಕೊನೆಯ ಸಾಲು: "ಡ್ರೈವರನ ನಿರ್ಲಕ್ಷ್ಯವೇ ಇದಕ್ಕೆ ಕಾರಣ." ಯಾರು ಹೇಳಿದರು ಎಂದು ಬರೆಯಲಿಲ್ಲ. ಅದು ಮರುದಿನ ಹಾಗೆಯೇ ಅಚ್ಚಾಯಿತು.

ಪತ್ರಿಕೆ ಬಂದ ದಿನ ಕಾಕಾ ಇಂಜಿನ್ನಿನಿಂದ ತಲೆ ಹೊರಗೆ ಹಾಕಲಿಲ್ಲ. ನಾನೇ ಹತ್ತಿರ ಹೋಗಿ ನಿಂತೆ. ಅವರು ಒರೆಸುವ ಬಟ್ಟೆಯಿಂದ ಹಿತ್ತಾಳೆಯ ಹಿಡಿಕೆ ಒರೆಸುತ್ತಲೇ ಇದ್ದರು.

"ಓದಿಸ್ಕೊಂಡ್ನಿರಿ" ಎಂದರು. ಅಷ್ಟೇ.

ಮೂರನೆಯ ದಿನ ಮಧ್ಯಾಹ್ನ ಜಮಾದಾರ ನನ್ನ ಖೋಲಿಗೆ ಬಂದ. ಒಳಗೆ ಕರೆದರೂ ಬರಲಿಲ್ಲ. ಹೊಸ್ತಿಲಲ್ಲಿ ನಿಂತು ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಸಾಹೇಬ್ರ, ಕಲ್ಲು ಇಟ್ಟಾಂವ ನಾನ್ರಿ."

"ಯಾವ ಕಲ್ಲು?"

"ಗಾಲಿ ಬುಡಕ. ಕಟಗಿ ಬೆಣಿ ಇರಲಿಲ್ರಿ. ಯಾರೋ ಒಲಿಗೆ ಒಯ್ದಾರ. ಪರಸಿ ಕಲ್ಲಿಂದು ಒಂದು ತುಂಡು ಇತ್ತು, ದಪ್ಪನೇ ಇತ್ತು. ಅದನ್ನ ಇಟ್ಟು ಕೈ ಎತ್ತಿದೆ."

ಬೇರೆ ಸೀಮೆಯವರು ಈ ತಪ್ಪು ಮಾಡುತ್ತಿರಲಿಲ್ಲ. ನಮ್ಮ ಕಡೆ ಯಾವುದಕ್ಕೇ ಆಗಲಿ ಶಹಾಬಾದಿನ ಪರಸಿಯೇ. ನೆಲಕ್ಕೆ ಅದೇ, ಮಾಳಿಗೆಗೆ ಅದೇ, ಹೊಲದ ಒಡ್ಡಿಗೆ ಅದೇ. ಮೇಜು ಅಲ್ಲಾಡಿದರೆ ಕಾಲಿನಡಿ ಅದರದೇ ಚೂರು, ಬಾಗಿಲು ಬಡಿದುಕೊಂಡರೆ ಅಡ್ಡಕ್ಕೆ ಅದೇ. ಅದು ಪದರು ಪದರಾಗಿ ಏಳುವ ಕಲ್ಲು ಎಂದು ಎಲ್ಲರಿಗೂ ಗೊತ್ತು, ಏಳುತ್ತದೆ ಎಂದೇ ಅದನ್ನು ಗಣಿಯಿಂದ ತೆಗೆಯುವುದು. ಆದರೂ ತುಂಬಿದ ವ್ಯಾಗನ್ನಿನ ಚಕ್ರದಡಿ ಅದು ಸೀಳಿ ಹೋಗುತ್ತದೆ ಎಂದು ಆ ಗಳಿಗೆಯಲ್ಲಿ ಅವನಿಗೆ ಹೊಳೆಯಲಿಲ್ಲ. ಸವೆದ ಬ್ರೇಕು ಒಂದೇ ಆ ಭಾರ ಹಿಡಿಯಲಿಲ್ಲ.

ಅವನು ಹೋದ ಮೇಲೆ ನನ್ನ ನೋಟ್‌ಬುಕ್ ತೆಗೆದೆ. ಅಪಘಾತದ ಪುಟದಲ್ಲಿ, ದೂರ ಬರೆದುಕೊಂಡ ಸಾಲಿನ ಕೆಳಗೆ, ನನ್ನದೇ ಅಕ್ಷರದಲ್ಲಿ "ಹಳಿ ಪಕ್ಕ ಒಡೆದ ಕಲ್ಲು, ಎರಡು ಹೋಳು" ಎಂದಿತ್ತು. ಕಂಡಿದ್ದೆ, ಬರೆದುಕೊಂಡಿದ್ದೆ. ಆ ಊರಿನಲ್ಲಿ ಒಡೆದ ಕಲ್ಲು ಎಲ್ಲಿಲ್ಲ? ಅದರ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಆವತ್ತೇ ಸಂಜೆ ಕಾಕಾ ಪಾಳಿ ಮುಗಿಸಿ ಕ್ವಾರ್ಟರ್ಸಿಗೆ ಹೋಗುವಾಗ ದಾರಿಯಲ್ಲಿ ಹಿಡಿದೆ. ಜಮಾದಾರ ಬಂದದ್ದನ್ನು ಹೇಳಿದೆ.

"ನನಗ ಗೊತ್ತದ್ರಿ" ಎಂದರು. "ಅವತ್ತೇ ಕಲ್ಲು ನೋಡೀನಿ."

"ಹಂಗಾದ್ರ ಮ್ಯಾನೇಜರಿಗೆ ಯಾಕ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಹನ್ನೆರಡು ವರ್ಷ ಅವನ ಕೈ ನೋಡಿ ಇಂಜಿನ್ ಹೊಡದೀನಿ. ಅವನ ಕೈ ಇರಲಿಲ್ಲಂದ್ರ ನಾ ಯಾವತ್ತೋ ಯಾರನ್ನರ ಕೊಲ್ತಿದ್ದೆ. ನನ್ನ ಹೆಸರು ಹಚ್ಚಿದ್ರ ಪಂಪ್‌ಹೌಸಿಗೆ ಹಾಕ್ತಾರ. ಅವನ ಹೆಸರು ಹಚ್ಚಿದ್ರ ರಸ್ತಾಕ್ಕ ಹಾಕ್ತಾರ. ಮೂರು ಹೆಣ್ಮಕ್ಕಳವ ಅವಗ."

"ಹೆಸರು ಇಲ್ಲದೇ ಬರೀತೀನಿ ಕಾಕಾ. ತಪ್ಪು ಬರದಾಂವ ನಾನು."

ಅಪಘಾತದ ನಂತರ ಮೊದಲ ಸಲ ಅವರು ನನ್ನನ್ನು ನೇರವಾಗಿ ನೋಡಿದರು. "ಬರೀರಿ. ಆದ್ರ ಅಂವ ನಿಮ್ಮ ಬಾಯಾಗ ಬರಬಾರದು. ಮಾತು ಕೊಡ್ರಿ."

ಕೊಟ್ಟೆ.

ತಿದ್ದುಪಡಿ ಬರೆದು ಕಳಿಸಿದೆ. ಹಿಂದಿನ ವರದಿಯಲ್ಲಿ ಹೇಳಿದ ಕಾರಣ ಕಾರ್ಖಾನೆಯ ಕಚೇರಿಯ ಅಭಿಪ್ರಾಯ ಮಾತ್ರ, ಇನ್ನೂ ವಿಚಾರಣೆ ಆಗಿಲ್ಲ, ಡ್ರೈವರ್ ಬಿಟ್ಟು ಹೋಗುವಾಗ ವ್ಯಾಗನ್ ಭದ್ರವಾಗಿರುವ ಸನ್ನೆ ಅವರಿಗೆ ಸಿಕ್ಕಿತ್ತು, ಎಂದು. ಪತ್ರಿಕೆಯ ಡೆಸ್ಕಿನವರು ಕೊನೆಯ ಮಾತನ್ನು ತೆಗೆದು, ಉಳಿದದ್ದನ್ನು ಒಳಪುಟದ ಮೂಲೆಯಲ್ಲಿ ಹಾಕಿದರು. ಅದನ್ನು ಕತ್ತರಿಸಿಕೊಂಡು ಮ್ಯಾನೇಜರ್ ಹತ್ತಿರ ಹೋದೆ.

ಅವರು ಓದಿ, ಮೇಜಿನ ಮೇಲಿದ್ದ ಒಂದು ಫೈಲನ್ನು ತೆರೆದು ನನ್ನ ಕಡೆ ತಿರುಗಿಸಿದರು. ಒಳಗೆ ನನ್ನ ಮೊದಲ ವರದಿ ಅಂಟಿಸಿತ್ತು. ಕೊನೆಯ ಸಾಲಿನ ಕೆಳಗೆ ಕೆಂಪು ಶಾಯಿ. ಪಕ್ಕದಲ್ಲಿ, ಪತ್ರಿಕೆಯೂ ಇದನ್ನೇ ವರದಿ ಮಾಡಿದೆ ಎಂಬ ಟಿಪ್ಪಣಿ. ಅವರು ಹೇಳಿದ್ದನ್ನು ನಾನು ಬರೆದಿದ್ದೆ. ನಾನು ಬರೆದದ್ದನ್ನು ಅವರು ಸಾಕ್ಷಿ ಮಾಡಿಕೊಂಡಿದ್ದರು.

"ಇದು ನೀವು ಹೇಳಿದ ಮಾತು" ಎಂದೆ.

"ಬರೆದವರು ನೀವು" ಎಂದರು. ಸಿಟ್ಟಿನಿಂದ ಅಲ್ಲ. "ನೋಡಿ, ನನಗೆ ಆ ಮುದುಕನ ಮೇಲೆ ಹಗೆ ಇಲ್ಲ. ಸನ್ನೆ ಕೊಟ್ಟವರು ಯಾರು, ಬೆಣೆ ಯಾಕೆ ಇಡಲಿಲ್ಲ, ಹೇಳಿಬಿಡಿ. ಈ ಹಾಳೆ ಈಗಲೇ ತೆಗೀತೀನಿ. ಜಮಾದಾರ ಒಬ್ಬನೇ ಅಲ್ಲ, ಒಮ್ಮೊಮ್ಮೆ ಬೇರೆ ಕೂಲಿಗಳೂ ಬೆಣೆ ಇಟ್ಟು ಕೈ ಎತ್ತುತ್ತಾರೆ. ಆ ಹೊತ್ತು ಯಾರ್ಡಿನಲ್ಲಿ ಆರು ಜನ ಇದ್ದರು. ಡ್ರೈವರ್ ಬಾಯಿ ಬಿಡ್ತಿಲ್ಲ. ನಿಮಗೆ ಗೊತ್ತಿದೆ ಅಂತ ನನಗೆ ಕಾಣುತ್ತೆ."

ಗಡಿಯಾರದ ಕೆಳಗೆ ಒಬ್ಬ ಗುಮಾಸ್ತ ಟೈಪ್ ಮಾಡುತ್ತಿದ್ದ. ಅವನೂ ನಿಲ್ಲಿಸಿದ. ಹೆಸರು ನನ್ನ ಬಾಯಲ್ಲಿತ್ತು. ಅದನ್ನು ಹೇಳಿದ್ದರೆ ಕಾಕಾ ಡೀಸೆಲ್ ಹತ್ತುತ್ತಿದ್ದರು. ನನ್ನ ತಪ್ಪೂ ಅಳಿಸಿಹೋಗುತ್ತಿತ್ತು.

"ನನಗೆ ಗೊತ್ತಿಲ್ಲ" ಎಂದೆ.

"ಹಾಗಾದರೆ ನಾನೇನು ಮಾಡಲಿ?" ಎಂದು ಅವರು ಫೈಲು ಮುಚ್ಚಿದರು.

ಪಟ್ಟಿಯಲ್ಲಿ ಇನ್ನೊಬ್ಬ ಡ್ರೈವರಿನ ಹೆಸರು ಬಂತು. ಮಳೆಗಾಲ ಮುಗಿಯುವ ಹೊತ್ತಿಗೆ ಡೀಸೆಲ್ ಇಂಜಿನ್ ಬಂತು, ಹಳದಿ ಬಣ್ಣದ್ದು. ಪೂಜೆಯಾಯಿತು, ಪೇಢೆ ಹಂಚಿದರು. ನಾನು ಎಂಟು ಸಾಲಿನ ವರದಿ ಬರೆದೆ. ಅದರಲ್ಲಿ ತಪ್ಪು ಒಂದೂ ಇರಲಿಲ್ಲ. ಉಗಿ ಇಂಜಿನ್ನನ್ನು ಶೆಡ್ಡಿನ ಹಿಂದೆ ತಳ್ಳಿದರು. ಜಮಾದಾರ ಹೊಸ ಡ್ರೈವರಿಗೆ ಕೈ ಬೀಸುತ್ತ ಅದೇ ಕೆಲಸದಲ್ಲಿ ಮುಂದುವರಿದ. ನನ್ನನ್ನು ಕಂಡರೆ ಬೇರೆ ಕಡೆ ನೋಡುತ್ತಿದ್ದ.

ಪಂಪ್‌ಹೌಸ್ ಸೈಡಿಂಗಿನ ಅಂಚಿನಲ್ಲೇ ಇತ್ತು. ಕಾಕಾ ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಪಂಪಿನ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ, ಕಿವಿಯ ಹತ್ತಿರ ಬಾಯಿ ಒಯ್ಯಬೇಕು. ನಾನು ಲಕೋಟೆ ಕೊಡಲು ಹೋಗುವಾಗ ದಿನವೂ ಒಳಗೆ ಇಣುಕುತ್ತಿದ್ದೆ. ಅವರು "ಕುಂದ್ರಿ" ಎಂದು ಕೈ ತೋರಿಸುತ್ತಿದ್ದರು. ನಾನು ಕೂರುತ್ತಿದ್ದೆ. ಅವರು ಸುದ್ದಿ ಏನೆಂದು ಕೇಳುತ್ತಿರಲಿಲ್ಲ. ಡೀಸೆಲ್ ಹಾದು ಹೋದಾಗ ಕಿಟಕಿಯ ಕಡೆ ನೋಡುತ್ತಲೂ ಇರಲಿಲ್ಲ.

ಹೀಗೆ ಒಂದು ತಿಂಗಳಾಗಿರಬಹುದು. ಒಂದು ಮುಂಜಾನೆ ಕರೆಂಟ್ ಹೋಗಿ ಪಂಪ್ ನಿಂತಿತ್ತು. ಒಳಗೆ ಎಲ್ಲ ಶಾಂತವಾಗಿತ್ತು.

"ಸಾಹೇಬ್ರ, ಒಂದು ಮಾತು. ಬ್ಯಾಸರಾ ಮಾಡ್ಕೋಬ್ಯಾಡ್ರಿ" ಎಂದರು. "ನೀವು ಮಾತು ಉಳಿಸ್ಕೊಂಡ್ರಿ. ಮ್ಯಾನೇಜರ್ ಭಾಳ ಕೇಳ್ಯಾನಂತ, ನೀವು ಹೇಳಿಲ್ಲಂತ. ಗುಮಾಸ್ತ ಹೇಳ್ದ. ಅದು ನನಗ ಸಾಕು."

ನಾನು ಲಕೋಟೆಯನ್ನು ಪಕ್ಕಕ್ಕೆ ಇಟ್ಟೆ.

"ಆದ್ರ ದಿನಾ ಬರಬ್ಯಾಡ್ರಿ. ನೀವು ಬಂದು ಕುಂತ್ರ ನನಗ ಅದೇ ತಲ್ಯಾಗ ಬರ್ತದ. ನೀವು ಹೋದ ಮ್ಯಾಲ ಸಂಜೀತನಕ ಅದೇ. ಒಬ್ಬನೇ ಇದ್ರ ಮರೀತೀನಿ."

ಅದರಲ್ಲಿ ಸಿಟ್ಟಿರಲಿಲ್ಲ. ಹೊಟ್ಟೆನೋವಿಗೆ ಯಾವ ಪದಾರ್ಥ ಆಗಿಬರುವುದಿಲ್ಲ ಎಂದು ಹೇಳುವವರ ಹಾಗೆ ಹೇಳಿದರು. ನಾನು ಆಯಿತು ಎಂದೆ. ಕರೆಂಟ್ ಬಂದು ಪಂಪ್ ಶುರುವಾಯಿತು. ಅವರು ಎದ್ದು ವಾಲ್ವ್ ತಿರುಗಿಸಲು ಹೋದರು.

ಮರುದಿನದಿಂದ ನಾನು ಲಕೋಟೆ ಹಿಡಿದುಕೊಂಡು ಬಜಾರದ ರಸ್ತೆಯಿಂದ ಸ್ಟೇಷನ್ನಿಗೆ ಹೋಗತೊಡಗಿದೆ. ಅದು ಸುತ್ತು ದಾರಿ. ವಾಡಿ ಬಿಡುವವರೆಗೆ, ಎರಡು ವರ್ಷ, ಅದೇ ದಾರಿಯಲ್ಲಿ ಹೋದೆ.